ಮೂರನೇ ಮಹಡಿಯ ತವರು

ಹೊನ್ನವ್ವ ಬಿಸಿನೀರಿನ ನಲ್ಲಿ ತಿರುಗಿಸಿ ಎರಡನೇ ಟ್ರೇ ಕಪ್ಪುಗಳನ್ನು ತೊಳೆಯಲು ಹಿಡಿದಿದ್ದಳಷ್ಟೇ, ಗೋಡೆಯ ಪೈಪಿನಿಂದ ಟಕ್, ಟಕ್, ಟಕ್ ಎಂದು ಶುರುವಾಯಿತು. ಅವಳ ಕೈ ಅಲ್ಲೇ ನಿಂತಿತು.

"ಇಷ್ಟ್ ವರ್ಷ ಸುಮ್ಮನಿದ್ದಿ. ಇವತ್ತೇ ಬೇಕಾಗಿತ್ತೇನ್ ನಿನಗ?" ಎಂದು ಪೈಪನ್ನೇ ಗದರಿದಳು.

ಕೊಲ್ಲಿ ದೇಶದ ಬ್ನೇದ್ ಅಲ್ ಗಾರ್ ಬಡಾವಣೆಯ ಆ ಹಳೆಯ ಕಟ್ಟಡದಲ್ಲಿ ಹೊನ್ನವ್ವನದು ಮೂರನೇ ಮಹಡಿ. ಸರಿಯಾಗಿ ಅದರ ಕೆಳಗೆ, ಎರಡನೇ ಮಹಡಿಯಲ್ಲಿ ರೋಸಲಿನ್ ಇದ್ದಳು. ಇದ್ದಳು ಎನ್ನಬೇಕಲ್ಲ ಈಗ! ಮೊನ್ನೆ ಸಂಜೆ ಎದೆನೋವು ಎಂದು ಕೂತವಳು ಏಳಲಿಲ್ಲ. ಆಂಬುಲೆನ್ಸ್ ಬಂತು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಇವತ್ತು ಹತ್ತು ಗಂಟೆಗೆ ಶವಾಗಾರದಿಂದ ಇಗರ್ಜಿಗೆ, ಅಲ್ಲಿಂದ ಮಣ್ಣಿಗೆ. ಕೆಳಗಿನ ಮನೆಯಲ್ಲಿ ಬೆಳಗಿನಿಂದ ಜಪಸರದ ಪ್ರಾರ್ಥನೆ ನಡೆದಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಬಂದವರ ಚಹಾ, ಉಪ್ಪಿಟ್ಟು ಎಲ್ಲ ಹೊನ್ನವ್ವ ತನ್ನ ಮನೆಗೆ ಎಳೆದುಕೊಂಡಿದ್ದಳು. ಕೈಯಲ್ಲಿ ಕೆಲಸ ಇಲ್ಲದಿದ್ದರೆ ಅವಳಿಗೆ ಅಳು ತಡೆಯುತ್ತಿರಲಿಲ್ಲ.

ಆದರೆ ಅವಳ ಮನಸ್ಸು ಚಹಾದಲ್ಲಿರಲಿಲ್ಲ, ಊಟದ ಮೇಜಿನ ಮೇಲಿತ್ತು. ಅಲ್ಲಿ ಹಸಿರು ಖಣದ ಕುಪ್ಪಸದ ಬಟ್ಟೆಯ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಅಡಿಕೆ, ಉತ್ತತ್ತಿ ಇಟ್ಟಿದ್ದಳು. ಉಡಿ ತುಂಬುವ ಸಾಮಾನು. ರೋಸಲಿನ್ ಊರಿಗೆ ಹೊರಟಾಗಲೆಲ್ಲ ಹೊನ್ನವ್ವ ಅವಳ ಸೆರಗಿಗೆ ಉಡಿ ತುಂಬಿಯೇ ಕಳಿಸಿದ್ದಾಳೆ, ಒಂದು ವರ್ಷವೂ ತಪ್ಪಿಸಿಲ್ಲ. ಮೊನ್ನೆ ಮಾತ್ರ ಮನೆಯಲ್ಲಿ ಹಾಕುವ ನೈಟಿಯಲ್ಲಿ, ಸ್ಟ್ರೆಚರ್ ಮೇಲೆ, ಬರಿಗೈಯಲ್ಲಿ ಲಿಫ್ಟ್ ಇಳಿದು ಹೋದಳು. ಗಂಡನನ್ನು ಬಿಟ್ಟು ಮುಂದೆ ಹೋದ ಮುತ್ತೈದೆ ಬರಿ ಉಡಿಯಲ್ಲಿ ಹೋಗುವುದೆಂದರೇನು? ಮಣ್ಣಿಗಿಡುವ ಮೊದಲು ಅವಳ ಉಡಿ ತುಂಬಬೇಕು. ಎರಡು ರಾತ್ರಿ ಹೊನ್ನವ್ವ ಇದನ್ನೇ ನೆನೆದು ಮಗ್ಗುಲು ಬದಲಿಸಿದ್ದಳು. ಕೇಳುವುದು ಯಾರನ್ನು ಎನ್ನುವುದೇ ತೊಡಕು. ಗಂಡ ಸೈಮನ್ ಮಾತು ಬಿಟ್ಟು ಗೋಡೆ ನೋಡುತ್ತಾ ಕೂತಿದ್ದ. ಮನೆಯ ಕಾರುಬಾರೆಲ್ಲ ಅವನ ಅಕ್ಕ ಬೆನೆಡಿಕ್ಟಾಳ ಕೈಯಲ್ಲಿತ್ತು.

ಬಾಗಿಲ ಬೆಲ್ಲು ಹೊಡೆಯಿತು. ನೆನೆದವರ ಮನದಲ್ಲಿ ಎನ್ನುವಂತೆ ಬೆನೆಡಿಕ್ಟಾಳೇ ನಿಂತಿದ್ದಳು. ಕಪ್ಪು ಸೀರೆ, ಕೈಯಲ್ಲಿ ಜಪಸರ, ಮುಖದಲ್ಲಿ ಕೆಂಡ. ಸಾಲ್ಮಿಯಾದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದವಳು. ಮಾತಾಡಿದರೆ ಎದುರಿನವರು ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದರು.

"ಹೊನ್ನವ್ವ, ಇವತ್ತೊಂದು ದಿನ ರೊಟ್ಟಿ ಬಡಿಯದಿದ್ರೆ ಆಗುದಿಲ್ವಾ ನಿಮ್ಗೆ? ಕೆಳಗೆ ಪ್ರಾರ್ಥನೆ ನಡೀತಾ ಉಂಟು. ಜನ ಎಲ್ಲ ಮೇಲೆ ನೋಡ್ತಿದ್ದಾರೆ."

"ಯವ್ವಾ, ನಾ ರೊಟ್ಟಿ ಮಾಡಿಲ್ರಿ ಬಾಯಾರ. ಬಂದು ನೋಡ್ರಿ, ಒಲಿ ಮ್ಯಾಲ ಚಾ ಐತಿ. ಅದು ಪೈಪಿನ ಸಪ್ಪಳರಿ."

"ಪೈಪ್ ಹಾಗೆ ತಾಳ ಹಾಕ್ತದಾ?" ಎನ್ನುತ್ತಾ ಒಳಗೆ ಬಂದವಳ ಕಣ್ಣು ಮೇಜಿನ ಮೇಲೆ ಬಿತ್ತು. "ಇದೆಂತ ಇದು?"

ಹೊನ್ನವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿರಲಿಕ್ಕಿಲ್ಲ, ಆದರೂ ಕೇಳಿಬಿಟ್ಟಳು. "ರೋಜವ್ವಗ ಉಡಿ ತುಂಬಬೇಕಂತ ಮಾಡೀನ್ರಿ. ಪೆಟ್ಟಿಗಿ ಮುಚ್ಚೂಕಿಂತ ಮೊದಲ. ನೀವು ಹೂಂ ಅನ್ರಿ ಸಾಕು."

"ಬೇಡ." ಬೆನೆಡಿಕ್ಟಾ ಯೋಚಿಸಲೂ ಇಲ್ಲ. "ಅರಿಸಿನ, ಕುಂಕುಮ ಎಲ್ಲ ನಮ್ಮ ಕ್ರಮ ಅಲ್ಲ. ಫಾದರ್ ಕೇಳಿದ್ರೆ ಎಂತ ಹೇಳುದು ನಾನು? ನಾಳೆ ನಾಲ್ಕು ಜನ ಆಡಿಕೊಂಡ್ರೆ ಅವಳಿಗೇ ಕೆಟ್ಟ ಹೆಸರು ಬರುದು."

ಹೊನ್ನವ್ವ ಸಿಂಕಿನತ್ತ ತಿರುಗಿ ನಲ್ಲಿ ನಿಲ್ಲಿಸಿದಳು. ಟಕ್ ಟಕ್ ಇನ್ನೂ ಸ್ವಲ್ಪ ಹೊತ್ತು ಕೇಳಿಸಿ ತಾನೇ ಅಡಗಿತು.

*

ರೊಟ್ಟಿಯ ಈ ಆಪಾದನೆ ಹೊನ್ನವ್ವನ ಮೇಲೆ ಮೊದಲು ಹೊರಿಸಿದವಳು ರೋಸಲಿನ್ನೇ.

ತೊಂಬತ್ತೆಂಟರ ಚಳಿಗಾಲ. ಹೊನ್ನವ್ವ ವಿಜಾಪುರದ ಕಡೆಯಿಂದ ಗಂಡನ ಬಳಿಗೆ ಹೊಸದಾಗಿ ಬಂದಿದ್ದಳು. ಗಂಡ ಮಲಕಾಜಪ್ಪ ಶುವೈಖಿನಲ್ಲಿ ಏಸಿ ಮೆಕ್ಯಾನಿಕ್. ಬೆಳಗಾಗುವ ಮುಂಚೆ ಕಂಪನಿಯ ವ್ಯಾನು ಬರುತ್ತಿತ್ತು. ಡಬ್ಬಿಯಲ್ಲಿ ಜೋಳದ ರೊಟ್ಟಿ ಇಲ್ಲದಿದ್ದರೆ ಆ ಮನುಷ್ಯನ ಮುಖ ದಿನವೆಲ್ಲ ಗಂಟಿಕ್ಕಿರುತ್ತಿತ್ತು. ಹೊನ್ನವ್ವ ಎದ್ದವಳೇ ಹಿಟ್ಟಿಗೆ ಬಿಸಿನೀರು ಹಿಡಿದು, ನಾದಿ, ತಟ್ಟಲು ಕೂರುವಳು.

ನರ್ಸ್ ರೋಸಲಿನ್ ನೈಟ್ ಡ್ಯೂಟಿ ಮುಗಿಸಿ ಮನೆಗೆ ಬರುವುದೂ ಅದೇ ಹೊತ್ತಿಗೆ. ಮಲಗಲು ಹೋದರೆ ತಲೆಯ ಮೇಲೆ ಟಕ್, ಟಕ್, ಟಕ್. ನಾಲ್ಕು ದಿನ ಸಹಿಸಿ, ಐದನೆಯ ದಿನ ಯೂನಿಫಾರ್ಮ್ ಕೂಡ ಬದಲಿಸದೆ ಮೆಟ್ಟಿಲು ಹತ್ತಿ ಬಂದಳು.

"ನೋಡಿ, ನಾನು ರಾತ್ರಿಯಿಡೀ ರೋಗಿಗಳ ನರಳಾಟ ಕೇಳಿ ಬಂದದ್ದು. ಈಗ ನಿಮ್ಮ ರೊಟ್ಟಿಯ ನರಳಾಟ ಬೇರೆ. ಮನುಷ್ಯರಿಗೆ ನಿದ್ದೆ ಬೇಡ್ವಾ?"

ಮಲಕಾಜಪ್ಪ ಒಳಗಿನಿಂದಲೇ ಕೂಗಿದ. "ಹೊಟ್ಟಿಗೆ ತಿನ್ನೂದಕ್ಕೂ ನಿಮ್ಮ ಪರ್ಮಿಷನ್ ಬೇಕೇನ್ರಿ ಸಿಸ್ಟರ್?"

ಹೊನ್ನವ್ವನಿಗೆ ಸಿಟ್ಟಿಗಿಂತ ಹೆಚ್ಚು ಅವಮಾನವಾಯಿತು. ಅವಳೂ ಹಟದ ಹೆಣ್ಣು. ಆವತ್ತಿನಿಂದ ರೊಟ್ಟಿ ಬಂದ್. ಲಟ್ಟಣಿಗೆ ತೆಗೆದು ಸದ್ದಿಲ್ಲದೆ ಚಪಾತಿ ಲಟ್ಟಿಸತೊಡಗಿದಳು. ಮಲಕಾಜಪ್ಪ ವಾರ ಕಳೆಯುವಷ್ಟರಲ್ಲಿ "ಚಪಾತಿ ತಿಂದು ತಿಂದು ನಾಲಿಗಿ ಚಪ್ಪಲ್ ಆಗೇತಿ" ಎಂದು ಗೊಣಗಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕಾಯಿಲೆ ಎಲ್ಲಿಯದೋ, ಬರೆ ಬಿದ್ದದ್ದು ಅವನ ರೊಟ್ಟಿಗೆ.

ಸಪ್ಪಳ ಮಾತ್ರ ನಿಲ್ಲಲಿಲ್ಲ. ರೋಸಲಿನ್ ಮತ್ತೆ ಬಂದಳು, ಈ ಸಲ ಸೊಂಟಕ್ಕೆ ಕೈಯಿಟ್ಟುಕೊಂಡು. ಹೊನ್ನವ್ವ ಅವಳನ್ನು ಅಡುಗೆಮನೆಗೆ ಕರೆದೊಯ್ದು ಲಟ್ಟಣಿಗೆ, ಗೋಧಿ ಹಿಟ್ಟು, ಅರ್ಧ ಲಟ್ಟಿಸಿದ ಚಪಾತಿ ತೋರಿಸಿದಳು. ಆಗಲೂ ಟಕ್ ಟಕ್ ನಡೆದೇ ಇತ್ತು.

ರೋಸಲಿನ್ ಕೆಂಪಾದಳು. "ಛೆ, ಛೆ! ಎಂಥ ಪಾಪ ಕಟ್ಟಿಕೊಂಡೆ ಮಾರಾಯ್ತಿ ನಾನು! ಒಂದು ವಾರ ನಿಮ್ಮ ಗಂಡನ ಬಾಯಿ ಕಟ್ಟಿದೆನಲ್ಲ!" ಎಂದು ದಡದಡ ಕೆಳಗೋಡಿ ತನ್ನ ಬ್ಯಾಗಿನಿಂದ ಸ್ಟೆತಸ್ಕೋಪ್ ತಂದಳು. ಅದರ ತುದಿಯನ್ನು ಗೋಡೆಗೆ ಇಟ್ಟಳು, ಸಿಂಕಿನ ಕೆಳಗೆ ಇಟ್ಟಳು, ಪೈಪಿನ ಉದ್ದಕ್ಕೂ ಒತ್ತುತ್ತಾ ಬಂದಳು. "ಇಲ್ಲಿ ಸಣ್ಣ ಉಂಟು... ಇಲ್ಲಿ ದೊಡ್ಡದು... ಇಲ್ಲಿ ಇನ್ನೂ ದೊಡ್ಡದು." ಸಪ್ಪಳದ ಬೆನ್ನು ಹತ್ತಿ ಇಬ್ಬರೂ ರೋಸಲಿನ್ನಳ ಅಡುಗೆಮನೆಗೇ ಇಳಿದರು. ಅಲ್ಲಿ ಪೈಪು ಛಾವಣಿ ತೂರಿ ಮೇಲಕ್ಕೆ ಹೋಗುವ ತೂತಿನ ಬಳಿ ಸ್ಟೆತಸ್ಕೋಪ್ ಇಟ್ಟದ್ದೇ, ಅವಳು ಕಿವಿಯಿಂದ ಅದನ್ನು ಕಿತ್ತೇಬಿಟ್ಟಳು. "ಅಬ್ಬಾ, ಸುತ್ತಿಗೆ ಹೊಡೆದ ಹಾಗೆ!"

ಕಟ್ಟಡಕ್ಕೆಲ್ಲ ಬಿಸಿನೀರು ಬರುವುದು ನೆಲಮಹಡಿಯ ಒಂದೇ ಬಾಯ್ಲರಿನಿಂದ. ರಾತ್ರಿ ತಣ್ಣಗಾದ ಪೈಪಿಗೆ ಬೆಳಿಗ್ಗೆ ಮೊದಲು ಬಿಸಿನೀರು ಏರುವುದು ಹೊನ್ನವ್ವ ನಲ್ಲಿ ತಿರುಗಿಸಿದಾಗ. ಹೀಗೆ ಅವಳ ರೊಟ್ಟಿಗೂ ಆ ಸಪ್ಪಳಕ್ಕೂ ಮುಹೂರ್ತ ಒಂದೇ ಆಗಿತ್ತು.

"ಬಿಸಿ ತಾಗಿದ್ರೆ ಕಬ್ಬಿಣ ಮೈ ಮುರೀತದೆ ಹೊನ್ನಕ್ಕ, ನಾವು ಬೆಳಿಗ್ಗೆ ಎದ್ದು ಮುರಿಯುವ ಹಾಗೆ," ರೋಸಲಿನ್ ಹೇಳಿದಳು. "ಜಾಗ ಇಕ್ಕಟ್ಟು. ಸಿಮೆಂಟಿಗೆ ಮೊಣಕೈ ತಾಗ್ತದೆ. ಅಷ್ಟೇ."

ಕಟ್ಟಡದ ಕಾವಲುಗಾರನಿಗೆ ಹೇಳಿದರೆ "ಬುಕ್ರಾ" ಎಂದ. ಬುಕ್ರಾ ಎಂದರೆ ನಾಳೆ. ಆ ನಾಳೆಯನ್ನು ಕಾಯುತ್ತಾ ಕೂತರೆ ಕೆಟ್ಟೆವೆಂದು ಮಲಕಾಜಪ್ಪನನ್ನು ಕರೆದರು. "ನಂದೇನಿದ್ರೂ ಗಾಳಿ ಕೆಲಸ, ನೀರಿಂದು ನನಗ ತಿಳಿಯಂಗಿಲ್ಲ" ಎಂದು ಅವನು ಕೈ ಝಾಡಿಸಿದ. ಕೊನೆಗೆ ಇಬ್ಬರು ಹೆಂಗಸರೇ ಸ್ಟೂಲು ಹತ್ತಿ ತೂತಿನ ಅಂಚಿನ ಸಿಮೆಂಟನ್ನು ಸ್ಕ್ರೂಡ್ರೈವರಿನಿಂದ ಕೆರೆದರು. ಹೊನ್ನವ್ವ ತನ್ನ ಬಾತ್‌ರೂಮಿನ ರಬ್ಬರ್ ಚಪ್ಪಲಿ ಕತ್ತರಿಸಿ ಕೊಟ್ಟಳು. ಪೈಪಿಗೂ ಸಿಮೆಂಟಿಗೂ ನಡುವೆ ಅದನ್ನು ತುರುಕಿದ ಮೇಲೆ, ಮರುದಿನ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಪೈಪು ಉಸಿರೂ ಬಿಡಲಿಲ್ಲ.

ಆ ದಿನ ಹೊನ್ನವ್ವ ರೊಟ್ಟಿ ತಟ್ಟಿದ ಸದ್ದು ಕೆಳಗೆ ಕೇಳಿಸಲೇ ಇಲ್ಲವಂತೆ. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಮಾತ್ರ ತಟ್ಟೆಯಲ್ಲಿ ಕೆಳಗಿಳಿಯಿತು.

*

ಬೆನೆಡಿಕ್ಟಾಳ ಹಿಂದೆಯೇ ಹೊನ್ನವ್ವನೂ ಚಹಾದ ಟ್ರೇ ಹಿಡಿದು ಕೆಳಗೆ ಬಂದಳು. ಪ್ರಾರ್ಥನೆ ಮುಗಿದಿತ್ತು. ಜನ ಒಬ್ಬೊಬ್ಬರೇ ಗಾಡಿ ಹುಡುಕಿಕೊಂಡು ಹೊರಡುತ್ತಿದ್ದರು. ಸೈಮನ್ ಅದೇ ಕುರ್ಚಿಯಲ್ಲಿದ್ದ.

"ಪೈಪ್ ಬಡಿತಲ್ಲ ಹೊನ್ನಕ್ಕ," ಎಂದ. ಎರಡು ದಿನದಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು. "ನಾನು ಎದ್ದು ನಿಂತೆ. ರೋಸಲಿನ್ ಈಗ ಸ್ಟೂಲ್ ಕೇಳ್ತಾಳೆ ಅಂತ."

ಹೊನ್ನವ್ವ ಟ್ರೇ ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಮಲಕಾಜಪ್ಪ ಸೈಮನ್ನನ ಹೆಗಲು ಹಿಡಿದ. "ಸಮಾಧಾನ ತಗೊಳ್ರಿ ಸೈಮನ್‌ಭಾಯಿ."

"ಬಿಲ್ಡಿಂಗಿನ ಪೈಪೆಲ್ಲ ಕಿವಿಗೊಟ್ಟು ಕೇಳಿದ್ಲು ಮಲಕಾಜಪ್ಪ. ಅವಳ ಎದೆ ಅವಳೇ ಕೇಳ್ಲಿಲ್ಲ."

ಬೆನೆಡಿಕ್ಟಾ ಕೂಡ ಕಣ್ಣೊರೆಸಿಕೊಂಡಳು. ಆದರೆ ಅವಳೊಳಗಿನ ಟೀಚರ್ ಸುಮ್ಮನಿರಬೇಕಲ್ಲ. "ಅದು ಪೈಪೇ ಅಂತೀರಾ ಹಾಗಾದ್ರೆ?"

ಮಗಳು ಶೆರಿಲ್ ಒಳಗೆ ಹೋಗಿ ಅಮ್ಮನ ಸ್ಟೆತಸ್ಕೋಪ್ ತಂದಳು. ಇಪ್ಪತ್ತೆರಡರ ಹುಡುಗಿ, ಅತ್ತು ಅತ್ತು ಮುಖ ಊದಿತ್ತು. "ಬೆನ್ನಾಂಟಿ, ಕಮ್," ಎಂದು ಅತ್ತೆಯ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. ಮಲಕಾಜಪ್ಪ ಮೇಲೆ ಹೋಗಿ ನಲ್ಲಿ ತಿರುಗಿಸಿದ. ಕಪ್ಪು ಸೀರೆಯ ಬೆನೆಡಿಕ್ಟಾ ಸ್ಟೂಲಿನ ಮೇಲೆ ನಿಂತು, ಸ್ಟೆತಸ್ಕೋಪನ್ನು ಕಿವಿಗೆ ಹಾಕಿ ಪೈಪಿಗೆ ಒತ್ತಿದಳು. ಎರಡು ಗಳಿಗೆಯಲ್ಲಿ ಬೆಚ್ಚಿಬಿದ್ದು ಹೊನ್ನವ್ವನ ತಲೆಯನ್ನೇ ಆಧಾರಕ್ಕೆ ಹಿಡಿದಳು.

"ಓ ದೇವಾ! ನಿಜ!"

ತೂತಿನೊಳಗೆ ಬೆರಳು ಹಾಕಿದರೆ ಹಳೆಯ ರಬ್ಬರು ಒಣಗಿ ಹಪ್ಪಳದಂತಾಗಿತ್ತು, ಮುಟ್ಟಿದ್ದೇ ಪುಡಿಯಾಗಿ ಉದುರಿತು. ಹೊನ್ನವ್ವ ಬಾಗಿಲ ಬಳಿ ಬಿಟ್ಟಿದ್ದ ತನ್ನ ಚಪ್ಪಲಿ ತಂದು ಕತ್ತರಿ ಕೇಳಿದಳು. ಸಾವಿನ ಮನೆಯಲ್ಲಿ ಈ ಕೆಲಸ ಈಗಲೇ ಆಗಬೇಕಿತ್ತೇ ಎಂದರೆ, ಆಗಬೇಕಿತ್ತು. ಸೈಮನ್ ರಾತ್ರಿ ಈ ಮನೆಯಲ್ಲೇ ಮಲಗಬೇಕು. ಬೆಳಿಗ್ಗೆ ಆ ಸಪ್ಪಳಕ್ಕೆ ಎದ್ದು ಮತ್ತೆ ಸ್ಟೂಲು ಹುಡುಕಬಾರದು.

ಹೊನ್ನವ್ವ ರಬ್ಬರು ತುರುಕುವಾಗ ಬೆನೆಡಿಕ್ಟಾ ಕೆಳಗೆ ನಿಂತು ಸ್ಟೂಲಿನ ಕಾಲು ಹಿಡಿದಿದ್ದಳು. ಕೆಲಸ ಮುಗಿದು ಪೈಪು ಸುಮ್ಮನಾದ ಮೇಲೆ, "ನಾನು ಹಾಗೆ ಹೇಳಬಾರದಿತ್ತು. ರೊಟ್ಟಿ ಅಂತ," ಎಂದಳು.

"ಹೋಗ್ಲಿ ಬಿಡ್ರಿ ಬಾಯಾರ. ರೋಜವ್ವನೂ ಹಂಗೇ ಅಂದಿದ್ಲು."

ಉಡಿಯ ಮಾತು ಬೆನೆಡಿಕ್ಟಾ ಎತ್ತಲಿಲ್ಲ. ಹೊನ್ನವ್ವನೂ ಎತ್ತಲಿಲ್ಲ. ಅವಳಿಗೂ ಮಾನ ಎಂಬುದೊಂದಿತ್ತು. ಆದರೂ ಮೇಲೆ ಹೋಗಿ, ಮೇಜಿನ ಮೇಲಿದ್ದುದನ್ನೆಲ್ಲ ಖಣದಲ್ಲಿ ಗಂಟು ಕಟ್ಟಿ ಕೈಚೀಲಕ್ಕೆ ಹಾಕಿಕೊಂಡೇ ಹೊರಟಳು. ಬಿಟ್ಟು ಹೋಗಲು ಮನಸ್ಸು ಬರಲಿಲ್ಲ.

*

ರಬ್ಬರ್ ಚಪ್ಪಲಿಯ ಆ ವೈದ್ಯದ ನಂತರ ರೋಸಲಿನ್ನಳ ಹೆಸರು ಕಟ್ಟಡದಲ್ಲೆಲ್ಲ ಹಬ್ಬಿತ್ತು. ಯಾರ ಮನೆಯ ಪೈಪು ಕೂಗಿದರೂ "ರೋಸಲಿನ್ ಸಿಸ್ಟರ್" ಎಂದು ಬರುವರು. ಇವಳೂ ಸ್ಟೆತಸ್ಕೋಪ್ ಕೊರಳಿಗೆ ಹಾಕಿಕೊಂಡು, ರೋಗಿಯನ್ನು ನೋಡಲು ಹೊರಟವಳ ಗತ್ತಿನಲ್ಲಿ ಹೋಗುವಳು. ಗುಳುಗುಳು ಎಂದರೆ ಹೊಟ್ಟೆಯಲ್ಲಿ ಗ್ಯಾಸು. ಎಲ್ಲ ನಲ್ಲಿ ತೆರೆದಿಟ್ಟು ಗಾಳಿ ಬಿಡಿ. ನಲ್ಲಿ ಮುಚ್ಚಿದಾಗ ಧಡ್ ಎಂದರೆ ಬೀಪಿ ಜಾಸ್ತಿ. ಪಂಪಿನ ಒತ್ತಡ ಇಳಿಸಿ, ನಲ್ಲಿ ಮೆಲ್ಲಗೆ ತಿರುಗಿಸಿ.

ಅವಳು ಹೇಳಿದ್ದೆಲ್ಲ ಸರಿಯಿರುತ್ತಿತ್ತು ಎಂದೇನಿಲ್ಲ. ಒಮ್ಮೆ ತನ್ನದೇ ಬಾತ್‌ರೂಮಿನಲ್ಲಿ ಏನೋ ಕುಟುಕುವ ಸದ್ದು ಕೇಳಿ, ಇಲ್ಲೇ ಇದೆ ಕಾಯಿಲೆ ಎಂದು ಸೈಮನ್ನನಿಂದ ಗೋಡೆಯ ಟೈಲ್ಸ್ ಒಡೆಸಿದಳು. ಧೂಳು ಮೆತ್ತಿಕೊಂಡ ಸೈಮನ್ ಹೊರಗೆ ಬಂದು ನೋಡಿದರೆ ಎಕ್ಸಾಸ್ಟ್ ಫ್ಯಾನಿನ ಗೂಡಿನಲ್ಲಿ ಪಾರಿವಾಳ ಕೂತು ತಗಡು ಕುಕ್ಕುತ್ತಿತ್ತು. "ಪೇಷೆಂಟ್ ಹಾರಿ ಹೋಯ್ತು ಸಿಸ್ಟರ್" ಎಂದು ಸೈಮನ್ ವರ್ಷಗಟ್ಟಲೆ ಅವಳನ್ನು ಕಾಡಿದ.

ಚಪ್ಪಲಿ ತುರುಕಿದ ಆ ಚಳಿಗಾಲ ಕಳೆದ ಬೇಸಿಗೆಯಲ್ಲೇ ರೋಸಲಿನ್ ರಜೆಗೆ ಊರಿಗೆ ಹೊರಟಿದ್ದು. ಹೇಳಿ ಹೋಗಲು ಮೇಲೆ ಬಂದವಳನ್ನು ಹೊನ್ನವ್ವ ಬಾಗಿಲಲ್ಲೇ ತಡೆದಳು. "ಹೆಣ್ಮಗಳು ಬರಿ ಉಡೀಲೆ ಹೋಗಬಾರದು. ಸೆರಗ ಒಡ್ಡು."

"ಇದು ಯಾರಿಗೆ ಮಾಡುದು?"

"ಮನಿ ಮಗಳಿಗೆ. ತವರಿನಿಂದ ಹೊರಟಾಗ."

ರೋಸಲಿನ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಹೇಳಿದಳು: ಅವಳು ಬೆಳೆದದ್ದು ಕನ್ಯಾಸ್ತ್ರೀಯರು ನಡೆಸುವ ಅನಾಥಾಲಯದಲ್ಲಿ. ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲ. ಊರಿಗೆ ಹೋಗುವುದೆಂದರೆ ಗಂಡನ ಮನೆಗೆ ಮಾತ್ರ. "ನನಗೆ ತವರು ಇಲ್ಲ ಹೊನ್ನಕ್ಕ."

"ಇಲ್ಲದೆ ಏನು? ನಿಂತೀಯಲ್ಲ ಈಗ ಅದರಾಗ!" ಎಂದು ಹೊನ್ನವ್ವ ಬೈದಳು. ಬೈಯದಿದ್ದರೆ ಇಬ್ಬರೂ ಅಳುತ್ತಿದ್ದರು. "ಒಡ್ಡು ಸೆರಗು."

ರೋಸಲಿನ್ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಕುಂಕುಮದ ಬಟ್ಟಲು ಮುಂದೆ ಬಂದಾಗ ಮಾತ್ರ, "ಅದು ನಿನ್ನ ಹತ್ರವೇ ಇರ್ಲಿ, ಅಕ್ಕಿ ಜಾಸ್ತಿ ಹಾಕು," ಎಂದು ನಕ್ಕಳು. ಆವತ್ತಿನಿಂದ ಯಾರು ಕೇಳಿದರೂ ಅವಳದು ಒಂದೇ ಉತ್ತರ: "ನನ್ನ ತವರು ದೂರ ಇಲ್ಲಪ್ಪ, ಮೂರನೇ ಮಹಡಿ. ಲಿಫ್ಟ್ ಕೆಟ್ರೆ ಮಾತ್ರ ಕಷ್ಟ."

*

ಶವಾಗಾರದ ಒಳಗೆ ಹೆಂಗಸರು ಮೂವರೇ. ಬೆನೆಡಿಕ್ಟಾ, ಶೆರಿಲ್, ಹೊನ್ನವ್ವ. ಗಂಡಸರು ಹೊರಗೆ ಚಳಿಗಾಳಿಯಲ್ಲಿ ಕಾಯುತ್ತಿದ್ದರು. ಹೊನ್ನವ್ವ ಬಾಗಿಲ ಪಕ್ಕದಲ್ಲೇ, ಚೀಲವನ್ನು ಹೊಟ್ಟೆಗೊತ್ತಿ ನಿಂತಳು.

ರೋಸಲಿನ್ನಳಿಗೆ ಮದುವೆಯ ಕೆಂಪು ರೇಷ್ಮೆ ಸೀರೆ ಉಡಿಸಬೇಕಿತ್ತು. ಬೆನೆಡಿಕ್ಟಾ ನೆರಿಗೆ ಹಿಡಿದರೆ ರೇಷ್ಮೆ ಜಾರುತ್ತಿತ್ತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಬಾಗಿಲಾಚೆಯಿಂದ ಕೆಲಸದವನು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿದ. ಹೊನ್ನವ್ವ ಚೀಲವನ್ನು ನೆಲಕ್ಕಿಟ್ಟು ಬಂದು, ಕೇಳದೆಯೇ ನೆರಿಗೆ ತೆಗೆದುಕೊಂಡು ಮಡಿಚಿ ಸಿಕ್ಕಿಸಿದಳು. ರೋಸಲಿನ್ನಳ ಕೈ ಕಲ್ಲಿನ ಹಾಗೆ ತಣ್ಣಗಿತ್ತು. ಯಾವಾಗಲೂ ಬೆಚ್ಚಗಿರುತ್ತಿದ್ದ ಕೈ ಅದು, ಜ್ವರ ನೋಡಲು ಹಣೆ ಮುಟ್ಟಿದರೆ ಅರ್ಧ ಜ್ವರ ಅಲ್ಲೇ ಇಳಿಯುತ್ತಿತ್ತು. ಹೊನ್ನವ್ವ ಆ ಬೆರಳುಗಳನ್ನು ಜೋಡಿಸಿದಳು, ಬೆನೆಡಿಕ್ಟಾ ಅವಕ್ಕೆ ಜಪಸರ ಸುತ್ತಿದಳು. ಸೆರಗು ಎದೆಯ ಮೇಲೆ ಬಂತು. ಅಲಂಕಾರ ಮುಗಿಯಿತು.

"ಚೀಲದಲ್ಲಿ ಉಂಟಲ್ವಾ ಅದು?" ಬೆನೆಡಿಕ್ಟಾ ತಲೆಯೆತ್ತದೆ ಕೇಳಿದಳು.

"ಐತ್ರಿ," ಎಂದಳು ಹೊನ್ನವ್ವ. ಸುಳ್ಳು ಹೇಳಲು ಬರಲಿಲ್ಲ.

"ಬೆನ್ನಾಂಟಿ, ಪ್ಲೀಸ್," ಶೆರಿಲ್ ಅಂದಳು. "ಮಮ್ಮಾ ನೆವರ್ ಲೆಫ್ಟ್ ವಿದೌಟ್ ಇಟ್. ಒಂದ್ಸಲ ಫ್ಲೈಟ್ ಲೇಟಾಗ್ತದೆ ಅಂದ್ರೂ ಏರ್‌ಪೋರ್ಟ್ ದಾರಿಯಿಂದ ವಾಪಸ್ ಬಂದಿದ್ರು."

ಬೆನೆಡಿಕ್ಟಾ ರೋಸಲಿನ್ನಳ ಮುಖವನ್ನೇ ನೋಡುತ್ತಾ ನಿಂತಳು. ಹೊರಗೆ ಮತ್ತೆ "ಖಲಾಸ್?" ಎಂದು ಕೇಳಿಸಿತು. "ಎರಡು ನಿಮಿಷ!" ಎಂದು ಅವಳು ತರಗತಿಗೆ ಗದರುವ ದನಿಯಲ್ಲಿ ಕನ್ನಡದಲ್ಲೇ ಕೂಗಿದಳು. ಹೊರಗಿನವನಿಗೆ ಏನು ಅರ್ಥವಾಯಿತೋ, ಸುಮ್ಮನಾದ.

"ಮೂವತ್ತು ವರ್ಷ ಆಯ್ತು ನಮ್ಮ ಮನೆಗೆ ಬಂದು. ಅವಳ ಕಡೆಯವರು ಅಂತ ಒಬ್ಬರೂ ಹೊಸಿಲು ತುಳಿದದ್ದಿಲ್ಲ," ಎಂದಳು ಬೆನೆಡಿಕ್ಟಾ. "ಫಾದರಿಗೆ ನಾನು ಹೇಳ್ತೇನೆ. ಕುಂಕುಮ ಮಾತ್ರ ಬೇಡ."

"ಕುಂಕುಮ ತಂದಿಲ್ರಿ. ಅಕಿಗೂ ಬ್ಯಾಡಾಗಿತ್ತು."

ಹೊನ್ನವ್ವ ಗಂಟು ಬಿಚ್ಚಿದಳು. ಕೊಬ್ಬರಿ ಬಟ್ಟಲಿನಲ್ಲಿ ಅರಿಸಿನ ಕೊಂಬು, ಅಡಿಕೆ, ಉತ್ತತ್ತಿ ಇಟ್ಟು, ಬೊಗಸೆ ತುಂಬ ಅಕ್ಕಿ ಎತ್ತಿದಳು. ಎತ್ತಿದ ಬೊಗಸೆ ಹಾಗೆಯೇ ನಿಂತಿತು. ಉಡಿ ತುಂಬಬೇಕಾದರೆ ಎದುರಿನವಳು ಸೆರಗು ಒಡ್ಡಬೇಕು. ರೋಸಲಿನ್ನಳ ಕೈಗಳನ್ನು ಈಗ ತಾನೇ ಜೋಡಿಸಿ ಕಟ್ಟಿದ್ದರು. ಎರಡು ದಿನದಿಂದ ಎಲ್ಲ ಯೋಚಿಸಿದ್ದ ಹೊನ್ನವ್ವ ಇದೊಂದನ್ನು ಯೋಚಿಸಿರಲಿಲ್ಲ. ಅವಳ ಅಳು ಕಟ್ಟೆಯೊಡೆಯಿತು.

"ಸೆರಗ ಯಾರ ಒಡ್ಡಬೇಕ, ಬಾಯಾರ? ಅಕಿ ಒಡ್ಡಬೇಕಲ್ರಿ!"

ಬೆನೆಡಿಕ್ಟಾ ತನ್ನ ಕಪ್ಪು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಸುತ್ತಿ ಬಂದು ರೋಸಲಿನ್ನಳ ಮಗ್ಗುಲಿಗೆ ನಿಂತು, ಕೆಂಪು ರೇಷ್ಮೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಅಗಲವಾಗಿ ಒಡ್ಡಿದಳು.

"ಹಾಕು," ಎಂದಳು.

ಹೊನ್ನವ್ವ ಹಾಕಿದಳು. ಐದು ಬೊಗಸೆ, ಒಂದೂ ಕಡಿಮೆಯಿಲ್ಲ. ಬರಿದಾದ ಖಣವನ್ನು ಮಡಿಸಿ, ಕೊಬ್ಬರಿ ಬಟ್ಟಲಿನ ಜೊತೆ ಇಟ್ಟಳು. ಪ್ರತಿ ವರ್ಷ ಬಾಗಿಲಲ್ಲಿ ಹೇಳುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು. ಅದನ್ನು ಈಗ ಹೇಳಬಹುದೋ ಬಾರದೋ ಅವಳಿಗೆ ತಿಳಿಯಲಿಲ್ಲ. ಬೇರೆ ಮಾತು ಅವಳಿಗೆ ಗೊತ್ತಿರಲಿಲ್ಲ.

"ಹೋಗಿ ಬಾರವ್ವ," ಎಂದಳು.

ಬೆನೆಡಿಕ್ಟಾ ಸೆರಗನ್ನು ಗಂಟು ಹಾಕಿ ರೋಸಲಿನ್ನಳ ಮಡಿಲಿಗೆ ಒರಗಿಸಿದಳು. ಗಂಟು ಹಾಕುವಾಗ ಕೆಲವು ಕಾಳು ಸ್ಟೀಲಿನ ಮೇಜಿನ ಮೇಲೆ ಚೆಲ್ಲಿದ್ದವು. ಬಾಗಿಲು ತೆರೆಯಿತು, ಪೆಟ್ಟಿಗೆ ಹೊರುವವರು ಒಳಗೆ ಬಂದರು. ಬೆನೆಡಿಕ್ಟಾ ಒಂದು ಕೈಯೆತ್ತಿ ಅವರನ್ನು ಅಲ್ಲೇ ನಿಲ್ಲಿಸಿದಳು. ಕನ್ನಡಕ ಸರಿಮಾಡಿಕೊಂಡು, ಬಾಗಿ, ಚೆಲ್ಲಿದ ಅಕ್ಕಿಯನ್ನು ಉಗುರ ತುದಿಯಿಂದ ಒಂದೊಂದೇ ಕಾಳಾಗಿ ಆರಿಸಿ ಆ ಗಂಟಿನೊಳಗೆ ತೂರಿಸತೊಡಗಿದಳು.